ಗಂಟಲು ನೋವಿಗೆ ಮರಗಟ್ಟಿಸುವ ಔಷಧ: ಸುರಕ್ಷಿತವಾಗಿ ಬಳಸುವ ಬಗೆ

ಬೆಂಜೊಕೇನ್ ಅಥವಾ ಲಿಡೊಕೇನ್ ಇರುವ ಚೀಪುವ ಮಾತ್ರೆಗಳು ಮತ್ತು ಸ್ಪ್ರೇಗಳು, ಗಂಟಲಿನ ನರಗಳು ನೋವಿನ ಸಂದೇಶವನ್ನು ಸಾಗಿಸದಂತೆ ಸ್ವಲ್ಪ ಹೊತ್ತು ತಡೆಯುತ್ತವೆಯೇ ಹೊರತು ಸೋಂಕನ್ನು ವಾಸಿ ಮಾಡುವುದಿಲ್ಲ.

ಮೊದಲು ಪೊಟ್ಟಣದ ಮೇಲಿರುವ ಪ್ರಮಾಣ, ಎರಡು ಬಳಕೆಗಳ ನಡುವಿನ ಅಂತರ ಮತ್ತು ವಯಸ್ಸಿನ ಮಿತಿಯನ್ನು ಓದಿ. ಹಿಂದೆ ಹಲ್ಲಿನ ಚಿಕಿತ್ಸೆಯಲ್ಲಿ ಕೊಟ್ಟ ಮರಗಟ್ಟಿಸುವ ಚುಚ್ಚುಮದ್ದು ಒಗ್ಗದೆ ಹೋಗಿದ್ದರೆ ವೈದ್ಯರನ್ನು ಕೇಳದೆ ಬಳಸಬೇಡಿ. ಮಾತ್ರೆಯನ್ನು ಅಗಿಯದೆ ಬಾಯಲ್ಲಿ ನಿಧಾನವಾಗಿ ಕರಗಿಸಿ. ಸ್ಪ್ರೇ ಸಿಂಪಡಿಸುವಾಗ ಉಸಿರನ್ನು ಒಳಗೆಳೆದುಕೊಳ್ಳಬೇಡಿ. ನೋವು ಬೇಗ ತಗ್ಗಲೆಂದು ಇಂತಹ ಎರಡು ಔಷಧಗಳನ್ನು ಒಟ್ಟಿಗೆ ಬಳಸುವುದೂ ಸಲ್ಲದು.

ಅನೇಕರು ಗಮನಿಸದ ಅಪಾಯವೊಂದಿದೆ. ಮರಗಟ್ಟಿದ ಗಂಟಲಿಗೆ ತುತ್ತಿನ ಅರಿವು ಸರಿಯಾಗಿ ಇರುವುದಿಲ್ಲವಾದ್ದರಿಂದ ಆಹಾರ ಶ್ವಾಸನಾಳಕ್ಕೆ ಜಾರಬಹುದು, ಬಿಸಿ ಪಾನೀಯ ಸುಟ್ಟರೂ ತಿಳಿಯದೆ ಹೋಗಬಹುದು. ಆದುದರಿಂದ ಜೋಮು ಪೂರ್ತಿ ಇಳಿಯುವವರೆಗೆ, ಲಿಡೊಕೇನ್ ದ್ರಾವಣ ಬಳಸಿದ್ದರೆ ಕನಿಷ್ಠ 60 ನಿಮಿಷ, ಏನನ್ನೂ ತಿನ್ನಬೇಡಿ.

ಬೆಂಜೊಕೇನ್ ಅಪರೂಪಕ್ಕೆ ರಕ್ತವು ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಮೆಥೆಮೊಗ್ಲೊಬಿನೀಮಿಯ ಎಂಬ ಈ ಸ್ಥಿತಿ ಮೊದಲ ಬಳಕೆಯಲ್ಲಿಯೂ ಬರಬಹುದು. ತುಟಿ ಅಥವಾ ಉಗುರು ನೀಲಿಯಾದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ವಿಪರೀತ ಆಯಾಸವಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು. ಅದಕ್ಕಿಂತ ದೊಡ್ಡ ಮಕ್ಕಳಿಗೂ ಚೀಪುವ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ವೈದ್ಯರ ಸಲಹೆ ಅಗತ್ಯ.

ತೀವ್ರ ನೋವು ಎರಡು ದಿನ ಮೀರಿದರೆ, ಅಥವಾ ಜ್ವರ, ಮೈಮೇಲೆ ಗುಳ್ಳೆ, ಉಗುಳನ್ನೂ ನುಂಗಲಾಗದ ಸ್ಥಿತಿ ಕಂಡರೆ ವೈದ್ಯರಿಗೆ ತೋರಿಸಿ.