ಆಸ್ಪತ್ರೆ ಮೇಲೆ ದೂರು ಕೊಡೋಕೆ ಮುಂಚೆ ಕೇಸ್ ಶೀಟ್ ಕೈಗೆ ಬರ್ಲಿ

ಮಂಡ್ಯದ ಒಂದು ಖಾಸಗಿ ಆಸ್ಪತ್ರೆಯಿಂದ ನಮ್ಮ ಚಿಕ್ಕಪ್ಪನ್ನ ಡಿಸ್ಚಾರ್ಜ್ ಮಾಡಿಸ್ಕೊಂಡು ಬಂದಾಗ ಬಿಲ್ ನೋಡಿ ನನ್ನ ತಮ್ಮ ಕೌಂಟರ್ ಮುಂದೆ ಒಂದು ಗಂಟೆ ಕೂಗಾಡ್ದ. ಕೂಗಾಟ ಆಯ್ತು, ದುಡ್ಡೂ ಕಟ್ಟಾಯ್ತು, ದೂರು ಮಾತ್ರ ಎಲ್ಲೂ ದಾಖಲಾಗ್ಲಿಲ್ಲ. ಆಮೇಲೆ ನಾನೇ ಕೂತು ಅರ್ಜಿ ಬರೆದೆ, ಅಲ್ಲಿಂದ ನೆಂಟರಿಷ್ಟರಿಗೂ ಬರ್ಕೊಡ್ತಿದೀನಿ. ಒಂದ್ ಮಾತು, ಗಾಜು ಒಡೆಯೋದು, ಡಾಕ್ಟ್ರ ಮೇಲೆ ಕೈ ಮಾಡೋದು ದಯವಿಟ್ಟು ಬೇಡ, 2009ರ ರಾಜ್ಯ ಕಾಯ್ದೆಲಿ ಅದು ಜಾಮೀನುರಹಿತ ಕೇಸು.

ಮೊದಲು ನಿಮ್ಮ ತಕರಾರು ಯಾವುದರ ಬಗ್ಗೆ ಅಂತ ತೀರ್ಮಾನ ಮಾಡ್ಕೊಳ್ಳಿ. ಬಿಲ್ಲು, ದರಪಟ್ಟಿ ಹಾಕದೇ ಇರೋದು, ಎಮರ್ಜೆನ್ಸಿಲಿ ಅಡ್ವಾನ್ಸ್ ಕಟ್ಟಿದ್ರೇನೇ ನೋಡ್ತೀವಿ ಅನ್ನೋದು, ಬಾಕಿ ಇದೆ ಅಂತ ಹೆಣ ಕೊಡದೇ ಇರೋದು, ಇವೆಲ್ಲ ಕೆಪಿಎಂಇ ಕಾಯ್ದೆಗೆ, ಅಂದ್ರೆ ಖಾಸಗಿ ಆಸ್ಪತ್ರೆಗಳ ಮೇಲಿನ ರಾಜ್ಯ ಕಾಯ್ದೆಗೆ ಬರುತ್ವೆ. 2007ರ ಕಾಯ್ದೆ, 2017ರ ತಿದ್ದುಪಡಿಲಿ ರೋಗಿಗಳ ಸನ್ನದು (ರೋಗಿಗಳ ಹಕ್ಕುಗಳ ಪಟ್ಟಿ) ಸೇರ್ತು, ದೂರು ಕೇಳೋ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಸದಸ್ಯ ಕಾರ್ಯದರ್ಶಿ. ಡಾಕ್ಟ್ರ ಚಿಕಿತ್ಸೆಯೇ ತಪ್ಪು ಅನ್ನೋದಾದ್ರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಪರಿಹಾರದ ದುಡ್ಡು ಬೇಕು ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ, ಎರಡು ವರ್ಷದೊಳಗೆ ಹೋಗ್ಬೇಕು, ನೀವು ಕಟ್ಟಿದ್ದು 5 ಲಕ್ಷದೊಳಗಿದ್ರೆ ಫೀಸಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಥರದ ಸರ್ಕಾರಿ ಆಸ್ಪತ್ರೆಗೆ ಕೆಪಿಎಂಇ ಅನ್ವಯಿಸಲ್ಲ, ಅಲ್ಲಿ ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ಕೊಡಿ, ಲಂಚ ಕೇಳಿದ್ರೆ ಸೀದಾ ಲೋಕಾಯುಕ್ತ.

ಈಗ ಎಲ್ಲರೂ ಎಡವೋ ಜಾಗ. ಡಿಸ್ಚಾರ್ಜ್ ಸಮ್ಮರಿ ಹಿಡ್ಕೊಂಡು ಇದೇ ದಾಖಲೆ ಅಂದ್ಕೊಂಡಿರ್ತಾರೆ. ಅದು ಆಸ್ಪತ್ರೆಯವರು ಕೊನೇಲಿ ಟೈಪ್ ಮಾಡಿದ ಒಂದೆರಡು ಹಾಳೆ ಅಷ್ಟೇ ಕಣ್ರೀ, ನಿಮಗೆ ಬೇಕಾಗಿರೋದು ಪೂರ್ತಿ ಕೇಸ್ ಶೀಟು, ಅಂದ್ರೆ ಡಾಕ್ಟ್ರು ದಿನಾ ಬರೆದ ನೋಟ್ಸು, ನರ್ಸ್‌ಗಳ ಔಷಧಿ ಚಾರ್ಟು, ಲ್ಯಾಬ್ ರಿಪೋರ್ಟು, ಆಪರೇಷನ್ ಆಗಿದ್ರೆ ಓಟಿ ನೋಟ್ಸು, ನೀವು ಸೈನ್ ಹಾಕಿದ ಒಪ್ಪಿಗೆ ಪತ್ರ, ಎಲ್ಲಾನೂ. ಬಾಯಲ್ಲಿ ಕೇಳ್ಬೇಡಿ, ನಾಳೆ ಬನ್ನಿ ಅಂತಾರೆ. ಬಿಳಿ ಹಾಳೆಲಿ ರೋಗಿ ಹೆಸರು, ಐಪಿ ನಂಬರ್ (ಒಳರೋಗಿ ನಂಬರ್), ಸೇರಿದ ದಿನ, ಹೊರಟ ದಿನ ಬರೆದು "ಕೇಸ್ ಶೀಟಿನ ಎಲ್ಲಾ ಪುಟಗಳ ನಕಲು ಮತ್ತು ವಿವರವಾದ ಬಿಲ್ ಕೊಡಿ" ಅಂತ ಕೇಳಿ, ಸೈನು ರೋಗಿದೇ ಇರ್ಲಿ, ತೀರ್ಕೊಂಡಿದ್ರೆ ವಾರಸುದಾರರದು. ಕೇಳಿದ 72 ಗಂಟೆಯೊಳಗೆ ಕೊಡ್ಬೇಕು ಅಂತ 2002ರ ವೈದ್ಯಕೀಯ ನೀತಿ ಸಂಹಿತೆಲೇ ಇದೆ. ಪತ್ರ ತಗೊಳ್ಳಲ್ಲ ಅಂದ್ರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. ದಾಖಲೆನ ಮೂರು ವರ್ಷ ಇಡ್ಬೇಕು ಅಂತಷ್ಟೇ ಆ ಸಂಹಿತೆಲಿರೋದು, ತಡ ಮಾಡ್ಬೇಡಿ.

ಸಿಕ್ಕಿದ ಮೇಲೆ ನರ್ಸ್ ಚಾರ್ಟು, ಮೆಡಿಕಲ್ ಸ್ಟೋರ್ ಬಿಲ್ಲು ಎರಡೂ ಪಕ್ಕಪಕ್ಕ ಇಟ್ಕೊಂಡು ಪೆನ್ಸಿಲಲ್ಲಿ ಒಂದೊಂದೇ ಗುರುತು ಹಾಕಿ. ಚಿಕ್ಕಪ್ಪನ ಬಿಲ್ಲಲ್ಲಿ ಡ್ರಿಪ್ ಬಾಟ್ಲು 14 ಇತ್ತು, ಚಾರ್ಟಲ್ಲಿ ಹಾಕಿದ್ದು 9. ಆ ಒಂದು ಸಾಲೇ ನಮ್ಮ ಅರ್ಜಿಗೆ ಬಲ ಕೊಟ್ಟಿದ್ದು. ಹಾಂ, ಸ್ಟೋರ್ ಬಿಲ್ ನುಣುಪು ಕಾಗದದ್ದಾಗಿದ್ರೆ ಕೆಲವೇ ತಿಂಗಳಲ್ಲಿ ಅಕ್ಷರ ಅಳಿಸ್ಹೋಗುತ್ತೆ, ಮನೆಗೆ ಹೋಗೋ ದಾರೀಲೇ ಜೆರಾಕ್ಸ್ ಮಾಡ್ಸಿ.

ಅರ್ಜಿ ಎರಡು ಪುಟ ಸಾಕು, ಕನ್ನಡದಲ್ಲೇ ಬರೀರಿ. ತಾರೀಕು, ಸಮಯ, ಏನಾಯ್ತು, ಯಾವ ಪುಟದಲ್ಲಿದೆ, ಏನು ಬೇಕು. "ಕೊಲೆಗಾರರು", "ಲೂಟಿಕೋರರು" ಅಂತ ಬರೆದಿರೋದನ್ನ ನಾನೇ ಎಷ್ಟೋ ಸಲ ಹೊಡೆದು ಹಾಕಿದೀನಿ, ಅಂಥ ಮಾತಿಂದ ನಿಮ್ಮ ಬಾಟ್ಲು ಲೆಕ್ಕ ಮುಚ್ಚಿಹೋಗುತ್ತೆ. ಡಿಸಿ ಆಫೀಸ್ ಹೊರಗಡೆ ಸಿಗೋ ರೆಡಿಮೇಡ್ ಅರ್ಜಿ ತಗೋಬೇಡಿ, ಅದರಲ್ಲಿ ಕಾಯ್ದೆ ಹೆಸರೇ ಇರಲ್ಲ.

ಒರಿಜಿನಲ್ ಯಾವುದೂ ಕೊಡ್ಬೇಡಿ, ನಕಲು ಲಗತ್ತಿಸಿ. ಕೆಪಿಎಂಇ ದೂರಾದ್ರೆ ಡಿಎಚ್‌ಒ ಆಫೀಸಿನ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು, ನಂಬರ್ ಹಾಕಿಸ್ಕೊಳ್ಳಿ, ಇನ್ನೊಂದು ಪ್ರತಿ ಡಿಸಿ ಆಫೀಸಿಗೆ. ಹದಿನೈದು ದಿನಕ್ಕೊಂದ್ಸಲ ಆ ನಂಬರ್ ಹೇಳಿ ಫೈಲ್ ಯಾರ ಟೇಬಲ್ ಮೇಲಿದೆ ಅಂತ ಕೇಳ್ತಾ ಇರಿ.