ಸೆಕ್ಷನ್ 45 ಹಿಡಿದು ಒಂದು ಕ್ಲೇಮ್ ಪಡೆದದ್ದು

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ವಿಮಾ ಏಜೆಂಟ್. ಲೈಸೆನ್ಸ್ ಪರೀಕ್ಷೆಗೆ ಓದುವಾಗ ವಿಮಾ ಕಾನೂನಿನ ಇತಿಹಾಸವೂ ಬರುತ್ತದೆ. ಹೆಚ್ಚಿನವರು ಇಸವಿಗಳನ್ನು ಬಾಯಿಪಾಠ ಮಾಡಿ ಮರೆಯುತ್ತಾರೆ. ನನಗೆ ಅದು ಇಳಕಲ್ಲಿನ ಒಂದು ನೇಕಾರ ಮನೆಯ ಕ್ಲೇಮಿನಲ್ಲಿ ಕೆಲಸಕ್ಕೆ ಬಂತು.

ಮನೆಯ ಯಜಮಾನರು ತೀರಿಕೊಂಡಿದ್ದರು. ಪಾಲಿಸಿ ಮಾಡಿಸಿ ಐದು ವರ್ಷ ದಾಟಿತ್ತು. 'ಸಕ್ಕರೆ ಕಾಯಿಲೆ ಮುಚ್ಚಿಟ್ಟಿದ್ದರು' ಎಂದು ಕಂಪನಿ ಕ್ಲೇಮ್ ತಿರಸ್ಕರಿಸಿತ್ತು. ಹೆಂಡತಿ ಆ ಪತ್ರ ಹಿಡಿದು ನನ್ನ ಹತ್ತಿರ ಬಂದರು. ಓದಿ ನನಗೆ ಸಿಟ್ಟೇ ಬಂತು.

1938ರ ವಿಮಾ ಕಾಯ್ದೆಯಲ್ಲೇ ಸೆಕ್ಷನ್ 45 ಇತ್ತು. ವರ್ಷಗಟ್ಟಲೆ ಕಂತು ತೆಗೆದುಕೊಂಡು, ಆಮೇಲೆ ಹಳೆಯ ಅರ್ಜಿಯಲ್ಲಿ ತಪ್ಪು ಹುಡುಕಬಾರದು ಎಂಬುದೇ ಅದರ ಉದ್ದೇಶ. ಹಾಗೆ ತಪ್ಪು ಹುಡುಕಲು ಕಂಪನಿಗೆ ಆಗ ಇದ್ದ ಗಡುವು ಎರಡು ವರ್ಷ. ಆದರೆ ಮೋಸ ಎಂದು ಸಾಬೀತು ಮಾಡಿದರೆ ಗಡುವಿನ ನಂತರವೂ ಕಂಪನಿ ತಪ್ಪಿಸಿಕೊಳ್ಳಬಹುದಿತ್ತು. 1956ರಲ್ಲಿ ಜೀವವಿಮೆ ಬಹುತೇಕ ಸರ್ಕಾರಿ ಎಲ್‌ಐಸಿ ಕೈಗೆ ಬಂತು. 1994ರಲ್ಲಿ, ವಿಮಾ ಸುಧಾರಣೆಗೆಂದು ಸರ್ಕಾರ ನೇಮಿಸಿದ್ದ ಮಲ್ಹೋತ್ರಾ ಸಮಿತಿ ಖಾಸಗಿಯವರನ್ನೂ ಒಳಗೆ ಬಿಡಿ, ಜೊತೆಗೆ ಸ್ವತಂತ್ರ ನಿಯಂತ್ರಕರನ್ನೂ ಇಡಿ ಎಂದಿತು. 1999ರ ಕಾಯ್ದೆಯಿಂದ ಆ ನಿಯಂತ್ರಕ ಸಂಸ್ಥೆ, ಐಆರ್‌ಡಿಎ, ಹುಟ್ಟಿತು. ಮುಖ್ಯ ಕಚೇರಿ ಈಗ ಹೈದರಾಬಾದಿನಲ್ಲಿದೆ. 2015ರ ತಿದ್ದುಪಡಿ ನಮಗೆ ಬೇಕಾದದ್ದು: ಗಡುವು ಮೂರು ವರ್ಷ ಆಯಿತು, ಅದು ದಾಟಿದ ಮೇಲೆ ಯಾವ ಕಾರಣಕ್ಕೂ ಜೀವವಿಮಾ ಪಾಲಿಸಿಯನ್ನು ಪ್ರಶ್ನಿಸುವ ಹಾಗಿಲ್ಲ. ಮೋಸದ ಹೆಸರಲ್ಲೂ ಇಲ್ಲ.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಪಾಲಿಸಿ ಕೊಟ್ಟ ದಿನ, ಸಾವಿನ ದಿನ, ಸೆಕ್ಷನ್ 45, ಇಷ್ಟೇ. ಕಣ್ಣೀರಿನ ಕಥೆ ಬರೆಯಲಿಲ್ಲ, ಅದನ್ನು ಯಾರೂ ಓದುವುದಿಲ್ಲ. ಕಂಪನಿ ಮತ್ತೆ ಅದೇ ಉತ್ತರ ಕೊಟ್ಟಿತು. ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ, ಅಂದರೆ ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ಅಧಿಕಾರಿಗೆ, ದೂರು ಕೊಡಿಸಿದೆವು. ಈ ವ್ಯವಸ್ಥೆ 1998ರ ನಿಯಮಗಳಿಂದಲೇ ಇದೆ, ಅಂದರೆ ಐಆರ್‌ಡಿಎಗಿಂತ ಹಳೆಯದು. ಫೀ ಇಲ್ಲ, ವಕೀಲರೂ ಬೇಕಿಲ್ಲ. ಕಂಪನಿ ಒಂದು ತಿಂಗಳು ಉತ್ತರಿಸದಿದ್ದರೂ ಇಲ್ಲಿಗೆ ಹೋಗಬಹುದು. ಆದರೆ ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ವಿಚಾರಣೆ ವಿಡಿಯೋ ಕರೆಯಲ್ಲೂ ಆಗುತ್ತದೆ, ಹಾಗಾಗಿ ಆ ತಾಯಿ ಇಳಕಲ್ ಬಿಟ್ಟು ಹೋಗಬೇಕಾಗಲಿಲ್ಲ. ಆದೇಶ ಅವರ ಪರ ಬಂತು, ದುಡ್ಡೂ ಬಂತು.

ಇಂಥ ಕೇಸ್ ಬಂದರೆ ನಾನು ಮೊದಲು ನೋಡುವುದು ಪಾಲಿಸಿ ನಡುವೆ ನಿಂತಿತ್ತಾ ಅಂತ. ಮಗ್ಗಕ್ಕೆ ಕೆಲಸ ಇಲ್ಲದ ತಿಂಗಳುಗಳಲ್ಲಿ ನಮ್ಮ ಕಡೆ ಕಂತು ತಪ್ಪುವುದು ಜಾಸ್ತಿ. ನಿಂತ ಪಾಲಿಸಿಯನ್ನು ಮತ್ತೆ ಚಾಲೂ ಮಾಡಿಸಿದರೆ ಮೂರು ವರ್ಷದ ಲೆಕ್ಕ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಆಗ ಅರ್ಜಿಯ ಜೊತೆ ಕೊಡುವ ಆರೋಗ್ಯದ ಹೇಳಿಕೆಯಲ್ಲಿ ಸಕ್ಕರೆ, ಬಿಪಿ ಏನಿದ್ದರೂ ಬರೆಸುತ್ತೇನೆ. ಅದರ ಒಂದು ಪ್ರತಿಯನ್ನು ಮನೆಯವರ ಕೈಗೂ ಕೊಡುತ್ತೇನೆ.