ಪೀಣ್ಯದ ನಮ್ಮ ಫೈಲ್ ಸರ್ವರ್‌ನಲ್ಲಿ ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್: ನನ್ನ ಅನುಭವ

ಕಂಪನಿಯ ಡ್ರಾಯಿಂಗ್ ಫೈಲ್ ಎಲ್ಲಾ ಇಡೋ ಸರ್ವರ್‌ಗೆ ಸ್ನ್ಯಾಪ್‌ಶಾಟ್ ಬೇಕಿತ್ತು, ಅಂದ್ರೆ ಆ ಕ್ಷಣಕ್ಕೆ ಫೈಲ್‌ಗಳು ಹೇಗಿದ್ವೋ ಹಾಗೇ ಹಿಡಿದಿಡೋ ವ್ಯವಸ್ಥೆ. "ಅಸೆಂಬಲ್ಡ್ ಡಬ್ಬದಲ್ಲಿ ಸ್ನ್ಯಾಪ್‌ಶಾಟ್ ಎಲ್ಲಾ ನಡೆಯಲ್ಲ ಸಾರ್" ಅಂದಿದ್ದ ವೆಂಡರ್ ಹುಡುಗ. ಅವನ ಕೊಟೇಶನ್ ಹತ್ತಿರ ಹತ್ತಿರ 14 ಲಕ್ಷ, ಸ್ನ್ಯಾಪ್‌ಶಾಟ್ ಲೈಸೆನ್ಸ್ ಬೇರೆ. ನಾನು ಡಿಸ್ಕ್ ಎಲ್ಲಾ ಸೇರಿ ಎರಡೂವರೆ ಲಕ್ಷದ ಒಳಗೆ ಮುಗಿಸ್ದೆ, ಎರಡು ವರ್ಷದಿಂದ ಓಡ್ತಾ ಇದೆ.

ಮೊದಲು ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಹಂಚೋ ಎಲ್‌ವಿಎಂನಲ್ಲೇ ಮಾಡಿದ್ದೆ. ಸ್ನ್ಯಾಪ್‌ಶಾಟ್‌ಗೆ 50 ಜಿಬಿ ಜಾಗ ಬಿಟ್ಟಿದ್ದೆ, ರಾತ್ರಿ ಶಿಫ್ಟ್‌ನಲ್ಲಿ ಡಿಸೈನ್‌ನವರು ದೊಡ್ಡ ದೊಡ್ಡ ಅಸೆಂಬ್ಲಿ ಡ್ರಾಯಿಂಗ್ ಸೇವ್ ಮಾಡಿದ್ರು, ಜಾಗ ತುಂಬಿ ಬೆಳಿಗ್ಗೆ ನೋಡಿದ್ರೆ ಸ್ನ್ಯಾಪ್‌ಶಾಟ್ ಇನ್‌ವ್ಯಾಲಿಡ್, ಕೆಲಸಕ್ಕೇ ಬಾರದು. ಅವತ್ತೇ, ಸ್ನ್ಯಾಪ್‌ಶಾಟ್ ತನ್ನೊಳಗೇ ಇರೋ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್‌ಗೆ ಬಂದೆ.

ಅಲ್ಲೂ ಪೆಟ್ಟು ತಿಂದೆ. 15 ನಿಮಿಷಕ್ಕೊಂದು ಸ್ನ್ಯಾಪ್‌ಶಾಟ್ ಹಾಕಿ, ತಾತ್ಕಾಲಿಕ ಫೈಲ್ ಬೀಳೋ ಟೆಂಪ್ ಫೋಲ್ಡರ್‌ನೂ ಅದೇ ಡೇಟಾಸೆಟ್‌ನಲ್ಲಿ (ಝಡ್‌ಎಫ್‌ಎಸ್‌ನ ಒಂದು ವಿಭಾಗ) ಬಿಟ್ಟಿದ್ದೆ. ಮೂರು ತಿಂಗಳಿಗೆ ಪೂಲ್, ಅಂದ್ರೆ ಡಿಸ್ಕ್ ಎಲ್ಲಾ ಸೇರಿದ ಒಟ್ಟು ಜಾಗ, 92 ಪರ್ಸೆಂಟ್ ತುಂಬಿತ್ತು, ಫೈಲ್ ಓಪನ್ ಆಗೋಕೆ ಅರ್ಧ ನಿಮಿಷ, ಎಂಡಿ ಫೋನ್ ಮೇಲೆ ಫೋನ್. ಹಳೇ ಫೈಲ್ ಡಿಲೀಟ್ ಮಾಡಿದ್ರೂ ಜಾಗ ಬರ್ಲಿಲ್ಲ, ಸ್ನ್ಯಾಪ್‌ಶಾಟ್ ಹಿಡ್ಕೊಂಡಿದೆಯಲ್ಲ. ಲಿಸ್ಟ್ ನೋಡಿದ್ರೆ ಒಂದೊಂದೂ ಬರೀ 20, 30 ಎಂಬಿ ತೋರಿಸ್ತಿತ್ತು. ಎರಡು ದಿನ ತಲೆ ಕೆಡಿಸ್ಕೊಂಡ ಮೇಲೆ ಹೊಳೀತು, ಅಲ್ಲಿ ಬರೋದು ಆ ಒಂದೇ ಸ್ನ್ಯಾಪ್‌ಶಾಟ್‌ಗೆ ಸೇರಿದ ಡೇಟಾ ಬ್ಲಾಕ್ ಲೆಕ್ಕ, ಪಕ್ಕದ್ದರ ಜೊತೆ ಹಂಚ್ಕೊಂಡಿರೋದು ಲೆಕ್ಕಕ್ಕೇ ಬರಲ್ಲ. ಎರಡು ಸ್ನ್ಯಾಪ್‌ಶಾಟ್ ಹೆಸರಿನ ಮಧ್ಯೆ ಪರ್ಸೆಂಟ್ ಗುರುತು ಹಾಕಿ ರೇಂಜ್ ಕೊಟ್ಟು, ಅಳಿಸೋ ಕಮಾಂಡ್ ಡಿಸ್ಟ್ರಾಯ್‌ಗೆ ಮೈನಸ್ ಎನ್‌ವಿ ಹಾಕಿ (ನಿಜವಾಗಿ ಅಳಿಸಲ್ಲ, ಎಷ್ಟು ಜಾಗ ಸಿಗುತ್ತೆ ಅಂತ ಹೇಳುತ್ತೆ ಅಷ್ಟೇ) ನೋಡಿದ್ರೆ 3 ಟಿಬಿ ಚಿಲ್ಲರೆ! ಈಗ ಟೆಂಪ್‌ಗೆ ಬೇರೆ ಡೇಟಾಸೆಟ್, ಅದಕ್ಕೆ ಸ್ನ್ಯಾಪ್‌ಶಾಟೇ ಇಲ್ಲ, ಪೂಲ್ 80 ದಾಟೋಕೆ ಬಿಡಲ್ಲ.

ಸರ್ವರ್‌ನ ಫೋಲ್ಡರ್‌ನ ವಿಂಡೋಸ್ ಪಿಸಿಗಳಿಗೆ ಹಂಚೋ ಸಾಂಬಾದಲ್ಲಿ, ಸ್ನ್ಯಾಪ್‌ಶಾಟ್‌ನ ಅವರಿಗೆ ಕಾಣೋ ಹಾಗೆ ಮಾಡೋ ಶ್ಯಾಡೋ ಕಾಪಿ 2 ಹಾಕಿದಾಗ ಇನ್ನೊಂದು ಕಿರಿಕಿರಿ. ವಿಂಡೋಸ್‌ನ ಪ್ರೀವಿಯಸ್ ವರ್ಷನ್ಸ್‌ನಲ್ಲಿ 10 ಗಂಟೆ ಸ್ನ್ಯಾಪ್‌ಶಾಟ್ ಮೂರೂವರೆಗೆ ತೋರಿಸ್ತಿತ್ತು, ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ, ಸ್ನ್ಯಾಪ್‌ಶಾಟ್ ಹೆಸರಿನಲ್ಲಿರೋ ಟೈಮನ್ನ ಸಾಂಬಾ ಜಿಎಂಟಿ ಅಂದ್ಕೊಳ್ತಿತ್ತು. ಸೆಟ್ಟಿಂಗ್‌ನಲ್ಲಿ ಲೋಕಲ್‌ಟೈಮ್ ಯೆಸ್ ಮಾಡಿದ್ಮೇಲೆ ಡಿಸೈನ್‌ನವರೇ ರೈಟ್ ಕ್ಲಿಕ್ ಮಾಡಿ ಹಳೇ ಡ್ರಾಯಿಂಗ್ ತಗೊಳ್ತಾರೆ, ನನಗೆ ಫೋನ್ ಬರೋದೇ ನಿಂತೋಯ್ತು.

 

ನಿಜವಾದ ಪರೀಕ್ಷೆ ಆಗಿದ್ದು ಹೋದ ಫೆಬ್ರವರಿಯಲ್ಲಿ. ಒಂದು ಪಿಸಿಗೆ ರಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಂದು ಹಂಚಿದ ಫೋಲ್ಡರ್ ಪೂರ್ತಿ ಲಾಕ್ ಮಾಡೋಕೆ ಶುರು ಹಚ್ಕೊಂತು. ಎರಡು ಸ್ನ್ಯಾಪ್‌ಶಾಟ್ ಮಧ್ಯೆ ರಿಟನ್ ಅಂಕಿ, ಅಂದ್ರೆ ಹೊಸದಾಗಿ ಬರೆದ ಡೇಟಾ, ಸಾಮಾನ್ಯವಾಗಿ ಒಂದೆರಡು ಜಿಬಿ ಇರೋದು, ಅವತ್ತು 180ರ ಹತ್ತಿರ ಹೋಗಿತ್ತು, ಮೊಬೈಲ್‌ಗೆ ಅಲರ್ಟ್ ಬಂತು. ಆ ಪಿಸಿ ಕೇಬಲ್ ಕಿತ್ತು ಹಾಕ್ದೆ. ಎಲ್ಲವನ್ನೂ ಹಳೇ ಸ್ನ್ಯಾಪ್‌ಶಾಟ್‌ಗೆ ತಿರುಗಿಸೋ ರೋಲ್‌ಬ್ಯಾಕ್ ಮಾಡ್ಲಿಲ್ಲ, ಹಾಗೆ ಮಾಡಿದ್ರೆ ಆಮೇಲಿನ ಸ್ನ್ಯಾಪ್‌ಶಾಟ್ ಎಲ್ಲಾ ಅಳಿಸ್ಬೇಕಾಗುತ್ತೆ. ಒಳ್ಳೇ ಸ್ನ್ಯಾಪ್‌ಶಾಟ್‌ನಿಂದ ಕ್ಲೋನ್ (ಬೇರೆ ಪ್ರತಿ) ಮಾಡಿ, ಫೈಲ್ ಕಾಪಿ ಮಾಡೋ ಆರ್‌ಸಿಂಕ್‌ನಲ್ಲಿ ಕೆಟ್ಟಿರೋದನ್ನ ಮಾತ್ರ ವಾಪಸ್ ತಂದೆ. ಮುಕ್ಕಾಲು ಗಂಟೆ, ಹೋಗಿದ್ದು 15 ನಿಮಿಷದ ಕೆಲಸ ಅಷ್ಟೇ.

ಸ್ನ್ಯಾಪ್‌ಶಾಟ್ ಅದೇ ಡಿಸ್ಕ್‌ನಲ್ಲಿದ್ರೆ ಬ್ಯಾಕಪ್ ಅಲ್ಲ, ಅದಕ್ಕೇ ಇನ್ನೊಂದು ಬಿಲ್ಡಿಂಗ್‌ನ ಹಳೇ ಸರ್ವರ್ ರಾತ್ರಿ ಇನ್‌ಕ್ರಿಮೆಂಟಲ್, ಅಂದ್ರೆ ಬದಲಾದಷ್ಟನ್ನೇ, ಎಳ್ಕೊಳ್ಳುತ್ತೆ. ಎಳ್ಕೊಳ್ಳೋದು ಅದು, ಇಲ್ಲಿಂದ ಕಳಿಸಲ್ಲ, ಇಲ್ಲಿ ಯಾರಾದ್ರೂ ನುಗ್ಗಿದ್ರೂ ಅಲ್ಲಿಗೆ ಕೈ ಹೋಗ್ಬಾರ್ದು ಅಂತ. ಪರ್ಮಿಷನ್ ಹೇಗೆ ಕೊಟ್ಟಿದ್ದೀನಿ, ಸ್ನ್ಯಾಪ್‌ಶಾಟ್ ಅಳಿಸದಂತೆ ಹಾಕೋ ಹೋಲ್ಡ್ ಯಾವಾಗ ಬಿಡಿಸ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಮಾರ್ಚ್‌ನಲ್ಲಿ ಎಂಡಿ ಕೇಳದೇನೇ ಎರಡು 16 ಟಿಬಿ ಡಿಸ್ಕ್‌ಗೆ ಸೈನ್ ಹಾಕಿದ್ರು.